ಗದ್ದೆ ಜೊತೆಗೆ ಬಂದವರು

ಕಳೆದ ಭಾನುವಾರ ಅಕ್ಕನ ಮಗಳು ಉಡುಪಿಯ ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಹುಡುಗಿ, ಮರುದಿನ ಇತಿಹಾಸ ಪರೀಕ್ಷೆ. ನೀರುದೋಸೆ ತಟ್ಟೆಯ ಪಕ್ಕದಲ್ಲೇ ನೋಟ್ಸ್ ಬಿಡಿಸಿಕೊಂಡು ಕೇಳಿದಳು. "ಮಾವ, ಸರ್ಫ್ ಅಂದ್ರೆ ಜೀತದಾಳು, ಸ್ಲೇವ್ ಅಂದ್ರೆ ಗುಲಾಮ. ಎರಡೂ ಒಂದೇ ಅಲ್ವಾ?"

ಅಲ್ಲ. ಆದರೆ ತಪ್ಪು ಅವಳದ್ದಲ್ಲ, ನಮ್ಮ ಪದದ್ದು. ಜೀತ ಅಂದರೆ ಸಾಲಕ್ಕೆ ದುಡಿಯುವುದು. ಸರ್ಫ್ ಅಂದರೆ ಹಿಂದೆ ಯುರೋಪಿನಲ್ಲಿ ಧಣಿಯ ಜಮೀನಿಗೆ ಕಟ್ಟುಬಿದ್ದ, ಅದನ್ನು ಬಿಟ್ಟು ಹೋಗುವ ಹಾಗಿಲ್ಲದ ರೈತ. ಅವನು ಸಾಲ ಮಾಡಿದವನಲ್ಲ, ಸರ್ಫ್‌ಗಳ ಮನೆಯಲ್ಲಿ ಹುಟ್ಟಿದ್ದ ಅಷ್ಟೇ.

1086ರಲ್ಲಿ ಇಂಗ್ಲೆಂಡಿನ ರಾಜ ದೇಶದ ಜಮೀನೆಲ್ಲ ಲೆಕ್ಕ ಹಾಕಿಸಿದ. ಆ ಡೂಮ್ಸ್‌ಡೇ ಲೆಕ್ಕದಲ್ಲಿ ಸುಮಾರು ಹತ್ತರಲ್ಲಿ ಒಬ್ಬ ಗುಲಾಮ. ಗುಲಾಮನನ್ನು ಹೆಂಡತಿ ಮಕ್ಕಳಿಂದ ಬೇರೆ ಮಾಡಿ ಮಾರಬಹುದಿತ್ತು. ಬ್ರಿಸ್ಟಲ್ ಬಂದರಿನಿಂದ ಐರ್ಲೆಂಡಿಗೆ ಹಡಗಿನಲ್ಲಿ ಸಾಗಿಸುತ್ತಿದ್ದರು. ವುಲ್ಫ್‌ಸ್ಟನ್ ಅನ್ನುವ ಬಿಷಪ್ ಅಲ್ಲಿಗೇ ಹೋಗಿ ಇದು ಬೇಡ ಎಂದು ಬೋಧಿಸಿದ. 1102ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸೇರಿದ ಚರ್ಚ್ ಸಭೆ, ಮನುಷ್ಯರನ್ನು ದನದ ಹಾಗೆ ಮಾರಬಾರದು ಎಂದಿತು.

ಸರ್ಫ್‌ನದು ಬೇರೆ ಕಷ್ಟ. ಧಣಿ ಬದಲಾದರೆ ಜಮೀನಿನ ಜೊತೆ ಅವನೂ ಹೊಸ ಧಣಿಗೆ ಸೇರಿದ. ವಾರಕ್ಕೆ ಎರಡೋ ಮೂರೋ ದಿನ ಧಣಿಯ ಹೊಲದಲ್ಲಿ ಬಿಟ್ಟಿ ಚಾಕರಿ, ಕೊಯ್ಲಿನಲ್ಲಿ ಇನ್ನೂ ಜಾಸ್ತಿ. ಮಗಳ ಮದುವೆಗೆ ಧಣಿಗೆ ದುಡ್ಡು ಕಟ್ಟಬೇಕು. ಅಪ್ಪ ಸತ್ತರೆ ಕೊಟ್ಟಿಗೆಯ ಒಳ್ಳೆ ಎತ್ತು ಧಣಿಯ ಮನೆಗೆ. ಹೆಣ ಇನ್ನೂ ಮನೆಯಲ್ಲಿರುವಾಗಲೇ ಯಾರೋ ಎತ್ತು ಆರಿಸುತ್ತಿದ್ದರೇನೋ, ನನಗೆ ಅದೇ ತಲೆಯಲ್ಲಿ ಕೂತಿದೆ. ಆದರೂ ಉಳುಮೆಗೆ ಒಂದು ತುಂಡು ಭೂಮಿ ಇತ್ತು, ರೂಢಿ ಪ್ರಕಾರ ಅದು ಮಗನಿಗೆ ಹೋಗುತ್ತಿತ್ತು.

ಚಾವಡಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಹಾಗಾದ್ರೆ ನಾವೂ ಅದೇ ಅಲ್ವಾ?"

ಅಮ್ಮ ಮದುವೆಯಾಗಿ ಹೋದದ್ದು ಕಾರ್ಕಳದ ಹತ್ತಿರ, ಚಾಲಗೇಣಿ ಒಕ್ಕಲಿನ ಮನೆಗೆ. ಚಾಲಗೇಣಿ ಅಂದರೆ ಧಣಿ ಬೇಕೆಂದಾಗ ಬಿಡಿಸಬಹುದಾದ ಗೇಣಿ. ವರ್ಷ ವರ್ಷ ಧಣಿಗಳ ಅಂಗಳಕ್ಕೆ ಅಕ್ಕಿ ಮುಡಿ. ಮೊದಲ ಬಾಳೆಗೊನೆ, ಸೌತೆಕಾಯಿ ಕೂಡ ಅಲ್ಲಿಗೇ. "ಇಲ್ಲ ಅಮ್ಮ, ನೀವು ಬೇಕಾದಾಗ ಬಿಟ್ಟು ಹೋಗಬಹುದಿತ್ತು" ಎಂದೆ. ಅಮ್ಮ ನಕ್ಕರು. "ಹೋಗೋದು ಎಲ್ಲಿಗೆ? ಯಾರಾದ್ರೂ ಗೇಣಿ ಜಾಸ್ತಿ ಕೊಡ್ತೇನೆ ಅಂದ್ರೆ ನಮ್ಮನ್ನೇ ಎಬ್ಬಿಸ್ತಿದ್ರು. ನಿನ್ನ ಆ ಸರ್ಫ್‌ಗೆ ಆ ಹೆದರಿಕೆ ಇತ್ತಾ?"

ಹೆಚ್ಚಾಗಿ ಇರಲಿಲ್ಲ. ನಾನು ಸುಮ್ನಾದೆ. 1974ರ ಭೂಸುಧಾರಣೆ ಬಂದು, ಗೇಣಿ ಗದ್ದೆ ನಮಗೆ ಸೇರಬೇಕು ಎಂದು ಡಿಕ್ಲರೇಶನ್ ಅರ್ಜಿ ಹಾಕಿ ಗದ್ದೆ ನಮ್ಮದಾದ ಕಥೆಯನ್ನು ನಮ್ಮ ಮನೆಯಲ್ಲಿ ಹಬ್ಬದ ಕಥೆ ಹಾಗೆ ಹೇಳುತ್ತೇವೆ.

"ಅಜ್ಜಿ, ನೀವೇ ಉಳ್ತಿದ್ರಾ?"

"ನಾಟಿಗೆ ಇಳೀತಿದ್ದೆ. ಉಳೋದಕ್ಕೆ ಮೂಲದ ಆಳುಗಳಿದ್ರಲ್ಲ. ನಾವು ಒಕ್ಕಲು ಕೂತಾಗ ಗದ್ದೆ ಜೊತೆಗೇ ಬಂದವರು."

ಗದ್ದೆ ಜೊತೆಗೇ ಬಂದವರು! ನಾನು ಅರ್ಧ ಗಂಟೆ ಬೊಬ್ಬೆ ಹೊಡೆದು ಹೇಳಿದ್ದನ್ನು ಅಮ್ಮ ಮೂರು ಪದದಲ್ಲಿ ಮುಗಿಸಿದ್ದರು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಬುಕಾನನ್ ಅನ್ನುವವನು ಸರ್ವೆಗೆಂದು ಈ ಕಡೆ ಸುತ್ತಿದಾಗ ಇಂಥ ಆಳುಗಳನ್ನು ಮಾರುವುದೂ ನಡೆದಿತ್ತು. 1843ರ ಬ್ರಿಟಿಷರ ಕಾಯ್ದೆ ಬಂದ ಮೇಲೆ ಗುಲಾಮ ನನ್ನವನು ಎಂದು ಕೋರ್ಟಿಗೆ ಹೋಗುವ ಹಾಗಿರಲಿಲ್ಲ. ಆಳು ಮಾತ್ರ ಗದ್ದೆಯ ಬದಿಯಲ್ಲೇ ಉಳಿದ.

"ಅವರೂ ಡಿಕ್ಲರೇಶನ್ ಹಾಕಿದ್ರಾ ಅಜ್ಜಿ?"

"ಗದ್ದೆಗಾ? ಗೇಣಿ ಚೀಟಿ ಅವರ ಹೆಸರಲ್ಲಿ ಎಲ್ಲಿತ್ತು ಮಗಾ?" ಎಂದು ಅಮ್ಮ ಮತ್ತೆ ಅಡಕತ್ತರಿ ಕೈಗೆತ್ತಿಕೊಂಡರು.