ಟ್ಯೂಬು ಹಾಕುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವಳು

ಇಂಗ್ಲೆಂಡಿನ ಉತ್ತರ ಭಾಗದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ನರ್ಸ್ ಆಗಿದ್ದೇನೆ. ರಜೆಯಲ್ಲಿ ಊರಿಗೆ ಬಂದಾಗ ‘ಅಲ್ಲಿ ಎಲ್ಲವನ್ನೂ ಯಂತ್ರಗಳೇ ಮಾಡುತ್ತವಂತೆ, ನಿಮಗೇನು ಕೆಲಸ’ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ಸಾಮಾನ್ಯವಾಗಿ ಒಂದೇ ಕೆಲಸದ ಬಗ್ಗೆ: ಉಸಿರಾಟದ ದಾರಿಯನ್ನು ಕಾಪಾಡಿಕೊಳ್ಳಲಾಗದ ರೋಗಿಗೆ ವೈದ್ಯರು ಶ್ವಾಸನಾಳದೊಳಗೆ ಟ್ಯೂಬು ಇಳಿಸುವಾಗ ಪಕ್ಕದಲ್ಲಿ ನಿಲ್ಲುವ ಕೆಲಸ.

ತಲೆಗೆ ಪೆಟ್ಟು ಬಿದ್ದವರು, ನಿಲ್ಲದ ಫಿಟ್ಸಿನವರು, ಮಾತ್ರೆ ನುಂಗಿ ಪ್ರಜ್ಞೆ ತಪ್ಪಿದವರು ಬರುತ್ತಿದ್ದಾರೆಂದು ಆಂಬುಲೆನ್ಸಿನವರು ಮೊದಲೇ ಫೋನ್ ಮಾಡುತ್ತಾರೆ. ರೀಸಸ್ ಎಂದು ನಾವು ಕರೆಯುವ ಕೋಣೆಯಲ್ಲಿ ಆಗಲೇ ತಯಾರಿ ಶುರುವಾಗುತ್ತದೆ. ಅರಿವಳಿಕೆಯ ಜೊತೆಗೆ ಸ್ನಾಯುಗಳನ್ನು ಸಡಿಲಗೊಳಿಸುವ ರೋಕ್ಯುರೋನಿಯಂನಂಥ ಔಷಧ ಒಳಹೋದರೆ ಒಂದು ನಿಮಿಷದ ಆಸುಪಾಸಿನಲ್ಲೇ ರೋಗಿಯ ಸ್ವಂತ ಉಸಿರು ನಿಲ್ಲುತ್ತದೆ. ಆಮೇಲೆ ನಮ್ಮ ಕೈಯಲ್ಲಿರುವ ಸಮಯವೆಂದರೆ ಶ್ವಾಸಕೋಶದಲ್ಲಿ ಕೂಡಿಟ್ಟ ಆಮ್ಲಜನಕ ಮುಗಿಯುವವರೆಗಿನದು ಮಾತ್ರ. ಆದ್ದರಿಂದ ಕನಿಷ್ಠ 3 ನಿಮಿಷ ಮಾಸ್ಕನ್ನು ಮುಖಕ್ಕೆ ಬಿಗಿಯಾಗಿ ಹಿಡಿಯುವುದು, ಕಿವಿಯ ತೂತು ಎದೆಮೂಳೆಯ ಮೇಲ್ತುದಿಯ ಮಟ್ಟಕ್ಕೆ ಬರುವಂತೆ ತಲೆ ಎತ್ತರಿಸುವುದು, ದಪ್ಪ ಮೈಯವರಾದರೆ ಹೆಗಲಡಿಗೆ ಕಂಬಳಿಗಳನ್ನು ಪೇರಿಸುವುದು, ಬಾಯಿಯ ಜೊಲ್ಲು, ವಾಂತಿ ಹೀರುವ ಸಕ್ಷನ್ ನಳಿಕೆಯನ್ನು ಚಾಲೂ ಮಾಡಿ ದಿಂಬಿನಡಿಗೆ ತುರುಕುವುದು, ಟ್ಯೂಬಿನ ತುದಿಯ ಬಳಿಯ ಪುಟ್ಟ ಬಲೂನನ್ನು (ಕಫ್) ಉಬ್ಬಿಸಿ ಸೋರಿಕೆ ಇದೆಯೇ ಎಂದು ನೋಡುವುದು, ಟ್ಯೂಬಿಗೆ ದಾರಿ ತೋರುವ ಬೂಜಿ ಎಂಬ ಉದ್ದನೆಯ ತೆಳು ಕಡ್ಡಿಯನ್ನು ಕೈಗೆಟಕುವಂತೆ ಇಡುವುದು, ಇವೆಲ್ಲ ಔಷಧ ಕೊಡುವ ಮುನ್ನ ಮುಗಿದಿರಬೇಕು. ಬಳಿಕ ಒಬ್ಬರು ಚೆಕ್‌ಲಿಸ್ಟನ್ನು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಉತ್ತರಿಸುತ್ತಾರೆ. ಮೊದಲ ಪ್ರಯತ್ನ ಕೈಕೊಟ್ಟರೆ ಮುಂದೇನೆಂಬುದನ್ನು ವೈದ್ಯರೂ ಬಾಯಿಬಿಟ್ಟು ಹೇಳಲೇಬೇಕು.

ಈ ಬಾಯಿಬಿಟ್ಟು ಹೇಳುವ ಪದ್ಧತಿಯ ಹಿಂದೆ ಇಲ್ಲಿನ ವೈದ್ಯಕೀಯ ಲೋಕ ಮರೆಯದ ಒಂದು ಸಾವಿದೆ. 2005ರಲ್ಲಿ ಎಲೇನ್ ಬ್ರೊಮಿಲಿ ಎಂಬವರು ಸೈನಸಿನ ಸಾಮಾನ್ಯ ಶಸ್ತ್ರಚಿಕಿತ್ಸೆಗೆ ದಾಖಲಾದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ವೈದ್ಯರು ಟ್ಯೂಬು ಹಾಕುವ ಯತ್ನದಲ್ಲೇ ಮುಳುಗಿ ಸಮಯದ ಅರಿವು ಕಳೆದುಕೊಂಡರು. ಒಬ್ಬ ನರ್ಸ್ ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಲಕರಣೆ ತಂದು, ತಂದಿದ್ದೇನೆಂದು ಹೇಳಿದರೂ ಆ ಮಾತು ಯಾರಿಗೂ ನಾಟಲಿಲ್ಲ. ಎಲೇನ್ ಕೆಲವು ದಿನಗಳ ನಂತರ ತೀರಿಕೊಂಡರು. ವಿಮಾನ ಚಾಲಕರಾದ ಅವರ ಪತಿ ಮಾರ್ಟಿನ್, ಕಾಕ್‌ಪಿಟ್ಟಿನಲ್ಲಿ ಕಿರಿಯರು ಹಿರಿಯರನ್ನು ತಡೆಯುವುದನ್ನು ಕಲಿಸುವಂತೆ ಆಸ್ಪತ್ರೆಗಳಲ್ಲಿ ಏಕೆ ಕಲಿಸುವುದಿಲ್ಲ ಎಂಬ ಪ್ರಶ್ನೆಯನ್ನು ಹಿಡಿದು 2007ರಲ್ಲಿ ಒಂದು ಸಂಘಟನೆಯನ್ನೇ ಕಟ್ಟಿದರು.

ಆ ನರ್ಸಿನ ಸ್ಥಿತಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕರಾವಳಿಯ ಕಾಲೇಜಿನಲ್ಲಿ ನಾನು ಕಲಿತದ್ದು ವೈದ್ಯರು ಬಂದರೆ ಎದ್ದು ನಿಲ್ಲುವುದನ್ನು, ಕೇಳಿದ್ದನ್ನು ಕೊಡುವುದನ್ನು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಒಬ್ಬ ಯುವ ವೈದ್ಯ ಎರಡನೆಯ ಬಾರಿ ಪ್ರಯತ್ನಿಸುತ್ತಿದ್ದಾಗ ಮಾನಿಟರಿನಲ್ಲಿ ರಕ್ತದಲ್ಲಿನ ಆಮ್ಲಜನಕದ ಮಟ್ಟ ಶೇಕಡಾ 94ರಿಂದ 91ಕ್ಕೆ, ಅಲ್ಲಿಂದ 88ಕ್ಕೆ ಇಳಿಯಿತು. ‘ಸರ್, ಸ್ವಲ್ಪ ಕಡಿಮೆ…’ ಎಂದು ಆರಂಭಿಸಿದ ಮಾತು ನನ್ನ ಗಂಟಲಲ್ಲೇ ಉಳಿಯಿತು. ಮಂಚದ ಕಾಲ ಬಳಿ ನಿಂತಿದ್ದ ಹಿರಿಯ ಸಿಸ್ಟರ್ ‘88, ನಿಲ್ಲಿಸಿ, ಬ್ಯಾಗ್ ಮಾಡಿ’ (ಮಾಸ್ಕಿಗೆ ಜೋಡಿಸಿದ ಚೀಲ ಒತ್ತಿ ಉಸಿರು ಕೊಡಿ) ಎಂದು ಕೂಗಿದರು, ಆತ ತಕ್ಷಣ ನಿಲ್ಲಿಸಿದ. ರೋಗಿಗೆ ತೊಂದರೆಯಾಗಲಿಲ್ಲ. ಆಮೇಲೆ ಚಹಾ ಕುಡಿಯುತ್ತ ಆಕೆ ಹೇಳಿದ್ದಿಷ್ಟೆ: ‘ಕಡಿಮೆಯಾಗುತ್ತಿದೆ ಎನ್ನಬೇಡ, ಅಂಕಿ ಹೇಳು. ಅವನ ಕಣ್ಣು ಗಂಟಲಿನೊಳಗಿದೆ, ಮಾನಿಟರ್ ನೋಡುವ ಕಣ್ಣು ನಿನ್ನದು.’ ಆಮ್ಲಜನಕದ ಮಟ್ಟ ಅಳೆಯಲು ರೋಗಿಯ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ದೇಹದೊಳಗಿನ ಸ್ಥಿತಿಯನ್ನು ತುಸು ತಡವಾಗಿಯೇ ತೋರಿಸುತ್ತದೆ ಎಂಬುದನ್ನು ನೆನೆದಾಗಲಂತೂ ಅಂದಿನ ನನ್ನ ಸಂಕೋಚಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಟ್ಯೂಬು ಒಳಹೋಯಿತೆಂದರೆ ಕೆಲಸ ಮುಗಿದಂತಲ್ಲ. ಅದು ಅನ್ನನಾಳಕ್ಕೆ ಹೋಗಿರಬಹುದು. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ತೆರೆಯಲ್ಲಿ ಅಲೆ ಕಾಣಿಸದಿದ್ದರೆ ಟ್ಯೂಬು ತಪ್ಪು ಜಾಗದಲ್ಲಿದೆ ಎಂದೇ ತಿಳಿಯಬೇಕು ಎಂಬುದು ಇಲ್ಲಿನ ನಿಯಮ. ಉಸಿರಿಂದುಸಿರಿಗೆ ಅಲೆ ಮೂಡುವುದನ್ನು ನೋಡಿ, ‘ಅಲೆ ಇದೆ, ಹಲ್ಲಿನ ಬಳಿ 22’ (ಟ್ಯೂಬಿನ ಮೇಲಿನ ಸೆಂಟಿಮೀಟರ್ ಗುರುತು) ಎಂದು ಕೋಣೆಗೆಲ್ಲ ಕೇಳಿಸುವಂತೆ ಈಗ ನಾನೇ ಹೇಳುತ್ತೇನೆ. ಕನ್ಸಲ್ಟೆಂಟರನ್ನು, ಅಂದರೆ ಹಿರಿಯ ತಜ್ಞ ವೈದ್ಯರನ್ನು, ಇಲ್ಲಿನವರಂತೆ ಬರೀ ಹೆಸರು ಹಿಡಿದು ಕರೆಯಲು ಮಾತ್ರ ಇನ್ನೂ ಬಾಯಿ ಬರುವುದಿಲ್ಲ.