ಇಂಗಾಲ ನೀರಲ್ಲಿ ಕರಗಿದರೆ ಅದೂ ಸೋಪ್ ಥರಾನಾ?

ನಾನು ಇಂಗಾಲದ ನ್ಯಾನೋ ಕಣಗಳ ಮೇಲೆ ಕೆಲಸ ಮಾಡೋದು ಅಂದರೆ ಸಾಕು, ತೀರ್ಥಹಳ್ಳಿ ಕಡೆಯ ನೆಂಟರು ಅಡಿಕೆ ಬೇಯಿಸುವ ಹಂಡೆ ತೋರಿಸಿ ಕೇಳುತ್ತಾರೆ: "ಈ ಮಸಿ ನೀರಲ್ಲಿ ಕರಗಲ್ಲ. ನಿಮ್ಮದು ಕರಗುತ್ತೆ ಅಂತೀರಲ್ಲ, ಅದು ಸೋಪ್ ಥರಾನಾ?"

ಅರ್ಧ ಹೌದು.

ಮಸಿಗೆ ನೀರು ಅಂಟಲ್ಲ, ಸಂದಿಯಲ್ಲಿ ಗಾಳಿಯೂ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ತೇಲೋದು. ಇಂಗಾಲ ನೀರಿಗೆ ಒಗ್ಗಬೇಕಾದರೆ ಅದರ ಮೈಗೆ ಆಕ್ಸಿಜನ್ ಸೇರಿಸಬೇಕು. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟನ್ನು ಗಂಧಕಾಮ್ಲ, ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಸೇರಿಸುವ 1958ರ ಹಮ್ಮರ್ಸ್ ವಿಧಾನ ಇವತ್ತಿಗೂ ನಡೆಯುತ್ತಿದೆ. (ಮನೆಯಲ್ಲಿ ಬೇಡ ಮಾರಾಯ್ರೇ, ಸಿಡಿಯುತ್ತದೆ.) ಸಿಗೋದು ಗ್ರಾಫೀನ್ ಆಕ್ಸೈಡ್. ಸುಮಾರು 1 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ದಪ್ಪದ ಹಾಳೆಗಳು, ನೀರು ಕಂದು ಬಣ್ಣಕ್ಕೆ ತಿರುಗುತ್ತದೆ.

ಆಕ್ಸಿಜನ್ ಸೇರಿದ ಹಾಳೆಯ ಅಂಚಿಗೆ ನೀರು ಬೇಕು. ನಡುವೆ ಅಲ್ಲಲ್ಲಿ ಉಳಿದ ಬರೀ ಇಂಗಾಲಕ್ಕೆ ಬೇಡ. ಸೋಪಿನ ಅಣುವೂ ಹೀಗೇ, ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಹಾಗಾಗಿ ಹೊಸ್ತಿಲ ಮೇಲೆ ನಿಂತವರ ಥರ, ಅದು ನೀರು ಮತ್ತು ಗಾಳಿ ಸೇರುವಲ್ಲಿ ಬಂದು ಕೂರುತ್ತದೆ. ನೀರಿಗೆ ಹುಳಿ ಬಿದ್ದರೆ ಅಂಚಿನ ವಿದ್ಯುತ್ ಆವೇಶ ಕಡಿಮೆಯಾಗಿ ಹಾಳೆ ಮೇಲೆ ಬರುತ್ತದೆ. ಕ್ಷಾರ ಬಿದ್ದರೆ ಆವೇಶ ಹೆಚ್ಚಾಗಿ ಒಳಗೆ ಹೋಗುತ್ತದೆ. 2010ರಲ್ಲಿ ಅಮೆರಿಕದ ಜಿಯಾಶಿಂಗ್ ಹುವಾಂಗ್ ತಂಡ ಇದನ್ನು ಸೋಡಾ ನೀರಲ್ಲೇ ತೋರಿಸಿತು. ಏಳುವ ಗುಳ್ಳೆಗಳಿಗೆ ಅಂಟಿಕೊಂಡು ಹಾಳೆಗಳು ಮೇಲೆ ಬಂದವು! ನನಗಂತೂ ಈ ವಿಷಯದಲ್ಲಿ ಇದಕ್ಕಿಂತ ಚಂದದ ಪ್ರಯೋಗ ಬೇರೆ ಇಲ್ಲ.

ಸೋಪಿಗಿಂತ ಬೇರೆಯಾಗೋದು ಹಿಡಿತದಲ್ಲಿ. ಸೋಪಿನ ಅಣು ಬರುತ್ತಿರುತ್ತದೆ, ಹೋಗುತ್ತಿರುತ್ತದೆ. ಕಣ ಹಾಗಲ್ಲ. ಗುಂಡು ಕಣ 10 ಪಟ್ಟು ದೊಡ್ಡದಾದರೆ ಅದನ್ನು ಮೇಲ್ಮೈಯಿಂದ ಕೀಳಲು 100 ಪಟ್ಟು ಶಕ್ತಿ ಬೇಕು. ಅದಕ್ಕೇ ಎಣ್ಣೆ, ನೀರು ಬೆರೆಸಿ ಜೋರಾಗಿ ಅಲ್ಲಾಡಿಸಿದಾಗ ಇಂಥ ಕಣಗಳು ಎಣ್ಣೆಹನಿಯನ್ನು ಸುತ್ತುವರಿದು, ಒಂದಕ್ಕೊಂದು ಸೇರದ ಹಾಗೆ ತಡೆಯುತ್ತವೆ. 1907ರಲ್ಲೇ ಪಿಕರಿಂಗ್ ಎಂಬ ರಸಾಯನ ವಿಜ್ಞಾನಿ ಇದರ ಬಗ್ಗೆ ಬರೆದಿದ್ದ, ಇಂಥ ಮಿಶ್ರಣಕ್ಕೆ ಅವನ ಹೆಸರೇ ಉಳಿದಿದೆ.

ಹಾಗಂತ ಎಲ್ಲಾ ಇಂಗಾಲದ ಕಣವೂ ಹೀಗಲ್ಲ. ಹಾಳೆ ಚಿಕ್ಕದಾದಷ್ಟೂ ಅಂಚಿನ ಪಾಲು ಜಾಸ್ತಿ, ನೀರಿನ ಮೇಲಿನ ಆಸೆಯೂ ಜಾಸ್ತಿ. 10 ನ್ಯಾನೋಮೀಟರಿಗಿಂತ ಸಣ್ಣ ಇಂಗಾಲದ ಕಣಗಳಾದ ಕಾರ್ಬನ್ ಡಾಟ್‌ಗಳ ಮೈತುಂಬಾ ನೀರಿಗೆ ಒಗ್ಗುವ ಪರಮಾಣು ಗುಂಪುಗಳಿದ್ದರೆ ಅವು ಸುಮ್ನೆ ಒಳಗೇ ಇರುತ್ತವೆ. ಅವನ್ನು ಮೇಲೆ ತರಬೇಕೆಂದರೆ ಎಣ್ಣೆಗೆ ಒಗ್ಗುವ ಉದ್ದನೆಯ ಇಂಗಾಲದ ಸರಪಳಿಯನ್ನು ನಾವೇ ಕಟ್ಟಬೇಕು.