ಕಡಲತೀರದಲ್ಲಿ ಕಚ್ಚಿಕೊಂಡ ಚಕ್ರ

ನಾವು ಪ್ರವಾಸಕ್ಕೆಂದು ಹೊರಟವರಲ್ಲ. ಗೆಳೆಯನ ಅಕ್ಕನ ಮನೆ ಸಾಮಾನನ್ನು ಪಿಕಪ್ ಗಾಡಿಗೆ ಹೇರಿಕೊಂಡು ಕಡಲತೀರದ ಊರಿಗೆ ಮುಟ್ಟಿಸಿದೆವು. ಹೇಗೂ ಬಂದಾಗಿದೆ, ಸ್ವಲ್ಪ ದಿನ ಇದ್ದೇ ಹೋಗೋಣ ಎಂದು ಉಳಿದುಕೊಂಡೆವು. ಕಡಲಿನ ಬಗ್ಗೆ ನಾನು ಹೆಚ್ಚೇನೂ ಬರೆಯಲಾರೆ. ಸೂರ್ಯ ಮುಳುಗುವುದನ್ನು ನೋಡಲು ಜನ ಮೊಬೈಲ್ ಎತ್ತಿ ಸಾಲುಗಟ್ಟಿ ನಿಲ್ಲುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಹಿಡಿಸಿದ್ದು ಮಳೆ. ಅಡ್ಡಡ್ಡ ಬೀಸುವ, ಛತ್ರಿಯನ್ನು ಲೆಕ್ಕಕ್ಕಿಡದ ಮಳೆ. ಮೊದಲ ಸಂಜೆ ಗೆಳೆಯ ಗಾಡಿಯನ್ನು ಒದ್ದೆ ಮರಳಿನ ಮೇಲೆ ಓಡಿಸಿ, ಅಲೆಯ ಅಂಚಿನವರೆಗೂ ಹೋಗಿ ಬಂದ. ಮನೆಯ ಮುಂದೆ ಇಳಿಜಾರು. ಅಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಗಾಡಿಯನ್ನು ಹೊರಡುವ ದಿನದವರೆಗೂ ಯಾರೂ ಮುಟ್ಟಲಿಲ್ಲ. ಸುರಿದ ಮಳೆಯೆಲ್ಲ ಅದರ ಮೇಲೆಯೇ ಸುರಿಯಿತು.

ಹೊರಡುವ ಬೆಳಿಗ್ಗೆ ಗಾಡಿ ಕದಲಲಿಲ್ಲ. ಎಂಜಿನ್ ಸರಿಯಾಗಿತ್ತು, ಹ್ಯಾಂಡ್ ಬ್ರೇಕ್ ಕೆಳಗಿಳಿದಿತ್ತು. ಗೇರ್ ಹಾಕಿ ಕ್ಲಚ್ ಬಿಟ್ಟರೆ ಹಿಂದಿನ ಎಡಚಕ್ರ ಗಿರ್ರನೆ ತಿರುಗಿ ಜಲ್ಲಿಕಲ್ಲನ್ನು ಚಿಮ್ಮಿಸುತ್ತಿತ್ತು. ಬಲಚಕ್ರ ನೆಲಕ್ಕೆ ಬೇರು ಬಿಟ್ಟಂತೆ ನಿಂತಿತ್ತು. ಬ್ರೇಕ್ ಹಿಡಿದುಕೊಂಡಿದೆ ಎಂಬುದು ಇಬ್ಬರಿಗೂ ಗೊತ್ತಾಯಿತು. ಗೆಳೆಯನ ಚಿಕಿತ್ಸೆ ಒಂದೇ: ಮುಂದೆ, ಹಿಂದೆ, ಮುಂದೆ, ಹಿಂದೆ. ಎಂಜಿನ್ ಕೂಗಾಡಿತು. ಕೊನೆಗೆ ಕೆಳಗಿನಿಂದ ಢಬ್ ಎಂದು ಸದ್ದಾಯಿತು, ಗಾಡಿ ಮುಂದಕ್ಕೆ ಜಿಗಿಯಿತು. ಬಾಗಿಲಲ್ಲಿ ನಿಂತಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಗೆಳೆಯ ಕಿಟಕಿಯಿಂದ ಕೈ ಬೀಸಿದ.

ಊರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕರಕರ ಸದ್ದು ಶುರುವಾಯಿತು, ಬೆನ್ನಿಗೇ ಸುಟ್ಟ ವಾಸನೆ ಬಂತು. ಇಳಿದು ನೋಡಿದರೆ ಬಲಚಕ್ರದ ಹತ್ತಿರ ಕೈ ಒಯ್ಯಲಾಗದಷ್ಟು ಬಿಸಿ. ಎದುರಿಗೆ ಒಂಟಿ ಮನೆ, ಜಗಲಿಯ ಪಕ್ಕದಲ್ಲಿ ನೀರಿನ ತೊಟ್ಟಿ. ಗೆಳೆಯ ಬಕೆಟ್ ತುಂಬಿಸಿಕೊಂಡು ಓಡಿ ಬರುತ್ತಿದ್ದಂತೆ ಜಗಲಿಯಿಂದ ಗದರುವ ದನಿ ಕೇಳಿಸಿತು: "ನೀರು ಹಾಕಬೇಡಿ! ಡ್ರಮ್ ಎರಕದ ಕಬ್ಬಿಣ, ಬಿರುಕು ಬಿಡುತ್ತದೆ."

ಬಿಳಿ ಮೀಸೆಯ ಹಿರಿಯರೊಬ್ಬರು ಎದ್ದು ಬಂದರು. ವಯಸ್ಸೆಲ್ಲ ಲಾರಿಗಳ ಕೆಳಗೆ ಮಲಗಿ ಕಳೆದವರಂತೆ, ಈಗ ಬಿಟ್ಟಿದ್ದಾರಂತೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಚಕ್ರವನ್ನು ಮುಟ್ಟದೆ ನನ್ನನ್ನೇ ಕೇಳಿದರು.

"ಹೊರಡುವಾಗ ಢಬ್ ಎಂದಿತೇ ಸ್ವಾಮಿ?"

"ಎಂದಿತು. ಬಿಟ್ಟುಕೊಂಡಿತು ಅಂದುಕೊಂಡೆವು."

"ಬಿಟ್ಟುಕೊಂಡದ್ದು ಯಾವುದು ಅಂತ ನೋಡಿದಿರಾ? ಡ್ರಮ್ಮಿನಿಂದ ಲೈನಿಂಗೋ, ಶೂಯಿನಿಂದ ಲೈನಿಂಗೋ?"

ಆ ಪ್ರಶ್ನೆಗೆ ನಮ್ಮಿಬ್ಬರಲ್ಲಿ ಉತ್ತರವಿರಲಿಲ್ಲ. ಡ್ರಮ್ ಬ್ರೇಕಿನೊಳಗೆ ಇರುವುದು ಇಷ್ಟು: ಬಾಗಿದ ಉಕ್ಕಿನ ಶೂ, ಅದರ ಬೆನ್ನಿಗೆ ಅಂಟಿಸಿದ ಲೈನಿಂಗ್ ಎಂಬ ಉಜ್ಜುಪಟ್ಟಿ, ಅದು ಒತ್ತುವ, ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈ. ನೀರು, ಅದರಲ್ಲೂ ಉಪ್ಪುನೀರು ಒಳಗೆ ಸೇರಿದಾಗ ಡ್ರಮ್ಮಿನ ಮೈ ತುಕ್ಕು ಹಿಡಿಯುತ್ತದೆ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಲೈನಿಂಗ್ ಆ ತುಕ್ಕಿಗೇ ಒತ್ತಿಕೊಂಡು ಕೂತಿರುತ್ತದೆ, ಎರಡೂ ಒಂದಾಗಿ ಬೆಸೆದುಕೊಳ್ಳುತ್ತವೆ. ಎಂಜಿನ್ನಿನ ಬಲದಿಂದ ಜಗ್ಗಿದಾಗ ಅಲ್ಲಿ ಯಾವ ಅಂಟು ಸೋಲುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ತುಕ್ಕು ಸೋತರೆ ಸರಿ. ಶೂಯಿನ ಅಂಟು ಸೋತರೆ ಲೈನಿಂಗ್ ಕಳಚಿ, ಡ್ರಮ್ಮಿನೊಳಗೆ ಸಿಕ್ಕ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಎರಡಕ್ಕೂ ಸದ್ದು ಒಂದೇ, ಎರಡಕ್ಕೂ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಹಿರಿಯರು ಇದನ್ನು ಹೇಳುತ್ತಿದ್ದರೆ ಗೆಳೆಯ ಬಕೆಟ್ಟನ್ನು ಮೆಲ್ಲಗೆ ಗಾಡಿಯ ಹಿಂದಕ್ಕೆ ಸರಿಸಿದ.

ಡ್ರಮ್ ತಾನಾಗಿ ಆರುವವರೆಗೆ ಜಗಲಿಯಲ್ಲಿ ಕೂತೆವು. ಖಾಲಿ ಪಿಕಪ್ಪಿನ ಹಿಂದಿನ ಬ್ರೇಕು ಎಂದರೆ ಸೋಮಾರಿಯ ಕೆಲಸ ಎಂದರು ಅವರು. ಹೊರೆ ಇಲ್ಲದಾಗ ಹಿಂದಿನ ಚಕ್ರ ಬೇಗ ಲಾಕ್ ಆಗಿ ಗಾಡಿ ಅಡ್ಡ ತಿರುಗುವ ಅಪಾಯವಿದೆ. ಅದಕ್ಕೇ ಎಷ್ಟೋ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ಗೆ ಸರಳು ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಗಾಡಿಯ ಬೆನ್ನು ಮೇಲೆದ್ದಷ್ಟೂ, ಅಂದರೆ ಹೊರೆ ಕಡಿಮೆಯಾದಷ್ಟೂ, ಅದು ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುತ್ತದೆ. ಸದಾ ಖಾಲಿ ಓಡುವ ಗಾಡಿಯಲ್ಲಿ ಶೂಗಳು ಡ್ರಮ್ಮನ್ನು ಉಜ್ಜುವುದೇ ಅಪರೂಪ. ತುಕ್ಕಿಗೆ ಅಷ್ಟು ಬಿಡುವು ಸಾಕು. "ದುಡಿಯುವ ಗಾಡಿಗೆ ಈ ರೋಗ ಕಡಿಮೆ ಸ್ವಾಮಿ" ಎಂದು ನಕ್ಕರು. ವರ್ಷದಲ್ಲಿ ಮುಕ್ಕಾಲು ಪಾಲು ಮನೆ ಮುಂದೆ ನಿಂತೇ ಇರುವ ಗಾಡಿಯ ಒಡೆಯ ಆ ಕಡೆ ಮುಖ ತಿರುಗಿಸಿ ಕಡಲನ್ನು ನೋಡತೊಡಗಿದ. ಅಲ್ಲಿಂದ ಕಡಲು ಕಾಣುತ್ತಿರಲಿಲ್ಲ.

ಕೆಲಸ ಶುರುವಾದ ಮೇಲೆ ನನಗೆ ಅವರ ಕೈಗಳಿಂದ ಕಣ್ಣು ಕೀಳಲಾಗಲಿಲ್ಲ. ಗೇರ್ ಹಾಕಿಸಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿಸಿದರು. ಹ್ಯಾಂಡ್ ಬ್ರೇಕ್ ಕೆಳಗಿದೆಯೇ ಎಂದು ತಾವೇ ನೋಡಿದರು. ಅದು ಮೇಲಿದ್ದರೆ ಡ್ರಮ್ ಹೊರಬರುವುದಿಲ್ಲ. ಚಕ್ರದ ನಟ್‌ಗಳನ್ನು ನೆಲದ ಮೇಲಿದ್ದಾಗಲೇ ಸಡಿಲಿಸಿ, ಆಮೇಲೆ ಜಾಕ್ ಎತ್ತಿದರು. ಜಾಕನ್ನು ನಂಬದೆ ಚಾಸಿಯ ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟರು, ಪಕ್ಕದಲ್ಲಿ ಬಿಚ್ಚಿದ ಚಕ್ರವನ್ನೂ ಮಲಗಿಸಿದರು.

ಡ್ರಮ್ ಬರಲಿಲ್ಲ. ಗೆಳೆಯ ಸುತ್ತಿಗೆ ಎತ್ತಿ ಡ್ರಮ್ಮಿನ ಅಂಚಿಗೆ ಗುರಿಯಿಟ್ಟ. ಹಿರಿಯರು ಕೈ ಅಡ್ಡ ಹಿಡಿದರು. ಅಂಚಿಗೆ ಹೊಡೆದರೆ ಚಕ್ಕೆ ಹಾರುತ್ತದೆ. ಹೊಡೆಯುವುದಾದರೆ ಚಕ್ರದ ನಟ್ ಕೂರುವ ಸ್ಟಡ್‌ಗಳ ನಡುವಿನ ಚಪ್ಪಟೆ ಜಾಗಕ್ಕೆ, ಸುತ್ತಲೂ, ಸಮವಾಗಿ. ಮೊದಲು ಹಬ್ಬಿನ, ಅಂದರೆ ಚಕ್ರದ ನಡುಗುಂಬದ ಸುತ್ತ ತುಕ್ಕು ಬಿಡಿಸುವ ಎಣ್ಣೆಯನ್ನು ತೊಟ್ಟು ತೊಟ್ಟಾಗಿ ಬಿಟ್ಟರು. ಜಾಸ್ತಿಯಾದರೆ ಒಳಗೆ ಹರಿದು ಲೈನಿಂಗ್ ಹಾಳು. ಆಮೇಲೆ ಡ್ರಮ್ಮಿನ ಮುಖದಲ್ಲಿ ಎದುರುಬದುರಾಗಿದ್ದ, ಬೋಲ್ಟ್ ತಿರುಗಿಸಲು ಒಳಗೆ ಥ್ರೆಡ್ ಇದ್ದ ಎರಡು ರಂಧ್ರ ತೋರಿಸಿದರು. ಕೊಳೆ ತುಂಬಿದ್ದರಿಂದ ಅವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಡಬ್ಬಿ ಕೆದಕಿ 8 ಮಿಲಿಮೀಟರಿನ ಎರಡು ಬೋಲ್ಟ್ ತೆಗೆದು, ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು ಬಿಗಿಯುತ್ತ ಹೋದರು. ಹಬ್ಬಿಗೆ ಅಂಟಿದ್ದ ಡ್ರಮ್ ಟಕ್ ಎಂದು ಬಿಟ್ಟು, ಕೂದಲೆಳೆಯಷ್ಟು ಹೊರಬಂದು ಮತ್ತೆ ನಿಂತಿತು.

"ಈಗ ಒಳಗಿನ ದಿಣ್ಣೆಗೆ ಶೂ ಸಿಕ್ಕಿಕೊಂಡಿದೆ" ಎಂದರು. ಡ್ರಮ್ ಸವೆದಂತೆ ಅಂಚಿನಲ್ಲಿ ಸವೆಯದ ಭಾಗ ದಿಣ್ಣೆಯಂತೆ ಉಳಿಯುತ್ತದೆ, ಹಿಗ್ಗಿದ ಶೂಗಳು ಅದಕ್ಕೆ ತಡೆಯುತ್ತವೆ. ಹಿಂದಿನ ತಗಡಿನ ರಬ್ಬರ್ ಬಿರಟೆ ಕಿತ್ತು, ಒಂದು ತೆಳು ಸ್ಕ್ರೂಡ್ರೈವರಿನಿಂದ ಶೂಗಳ ಅಂತರ ಹೊಂದಿಸುವ ಅಡ್ಜಸ್ಟರಿನ ನಾಲಿಗೆಯನ್ನು ದೂರ ಹಿಡಿದು, ಶೂಗಳು ಒಳಕ್ಕೆ ಸರಿಯುವಂತೆ ಇನ್ನೊಂದರಿಂದ ಅದರ ಹಲ್ಲುಚಕ್ರವನ್ನು ಒಂದೊಂದೇ ಹಲ್ಲು ಹಿಂದಕ್ಕೆ ತಿರುಗಿಸಿದರು. ಕಣ್ಣಿಗೆ ಏನೂ ಕಾಣದ ಕೆಲಸ. ಅವರು ಬೇರೆಲ್ಲೋ ನೋಡುತ್ತ ಬೆರಳಿನಿಂದಲೇ ಎಣಿಸುತ್ತಿದ್ದರು. ಡ್ರಮ್ ಸಡಿಲವಾಗಿ ಅವರ ಮಡಿಲಿಗೆ ಬಂತು.

ಒಳಗೆ ಕೆಂಚು ಪುಡಿ. ಗೆಳೆಯ ಬಾಗಿ ಊದಲು ಬಾಯಿ ತೆರೆದ. ಅವರು ಭುಜ ಹಿಡಿದು ಹಿಂದಕ್ಕೆಳೆದರು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಈಗಿನದರ ಪುಡಿಯೂ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿದ ಮೇಲೆ ಕಂಡದ್ದು ಅವರು ಮೊದಲೇ ಹೇಳಿದ್ದು: ಒಂದು ಶೂ ಬರಿ ಉಕ್ಕು, ಅದರ ಲೈನಿಂಗ್ ಎರಡು ತುಂಡಾಗಿ, ಒಂದು ತುಂಡು ಕೆಳಗೆ ಸಿಕ್ಕಿಹಾಕಿಕೊಂಡಿತ್ತು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವರು ಹ್ಯಾಂಡ್ ಬ್ರೇಕಿನ ಕೇಬಲ್ ಹಿಡಿದು ಎಳೆದು ಬಿಟ್ಟರು. ಅದು ಎಳೆದಲ್ಲೇ ನಿಂತಿತು. ಕವಚದ ತುದಿಯ ರಬ್ಬರ್ ಹರಿದು, ನೀರು ಇಳಿದು, ತಂತಿ ಒಳಗೇ ತುಕ್ಕು ಹಿಡಿದಿತ್ತು. ಗಾಡಿಯೊಳಗೆ ಹಿಡಿ ಕೆಳಗಿಳಿದರೂ ಇಲ್ಲಿ ಶೂ ಪೂರ್ತಿ ಹಿಂದೆ ಸರಿಯುತ್ತಿರಲಿಲ್ಲ. ಹೊಸ ಶೂ ಹಾಕಿದ್ದರೂ ಮುಂದಿನ ಮಳೆಗೆ ಇದೇ ಕಥೆ. ಪೆಡಲ್ ಒತ್ತಿದಾಗ ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಎತ್ತಿ ಬೆರಳು ತೂರಿಸಿ ನೋಡಿದರು. ಒಣಗಿತ್ತು, ಬ್ರೇಕ್ ಆಯಿಲ್ ಸೋರಿರಲಿಲ್ಲ. ಡ್ರಮ್ ತೆಗೆದಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಕ್ಕೆ ಹಾರುತ್ತದೆ ಎಂದು ಗೆಳೆಯನನ್ನೇ ನೋಡುತ್ತ ಹೇಳಿದರು.

ಶೂಗಳು ಬರಲು ಮಧ್ಯಾಹ್ನವಾಯಿತು. ಎಡಗಡೆಯದನ್ನೂ ಬದಲಿಸಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ ಎಂದರು. ಎರಡೂ ಕಡೆ ಒಟ್ಟಿಗೆ ಬಿಚ್ಚಲಿಲ್ಲ. ಯಾವ ಸ್ಪ್ರಿಂಗ್ ಎಲ್ಲಿಗೆ ಎಂದು ನೋಡಿಕೊಳ್ಳಲು ಒಂದು ಕಡೆ ಹಾಗೇ ಇರಬೇಕು. ಡ್ರಮ್ಮಿನ ಒಳಮೈಯನ್ನು ಮರಳುಕಾಗದದಿಂದ ಉಜ್ಜಿದರು. ಡ್ರಮ್ಮಿನ ಮೇಲೆಯೇ ಗರಿಷ್ಠ ವ್ಯಾಸದ ಅಂಕಿ ಕೆತ್ತಿರುತ್ತದೆ, ಅದನ್ನು ಮೀರಿ ಸವೆದಿದ್ದರೆ ಎಸೆಯಬೇಕು, ನಮ್ಮದು ಬದುಕಿತ್ತು. ಶೂ ತಾಗುವ ಉಬ್ಬುಗಳಿಗಷ್ಟೇ ಬಿಸಿ ತಡೆಯುವ ಗ್ರೀಸನ್ನು ಉಗುರಿನ ತುದಿಯಲ್ಲಿ ಹಚ್ಚಿದರು.

ಕಡಲತೀರಕ್ಕೆ ಡ್ರಮ್ ಬ್ರೇಕಿನ ಗಾಡಿ ಒಯ್ಯುವವರು ಇಷ್ಟು ಮಾಡಲಿ. ಉಪ್ಪುನೀರು ಮುಟ್ಟಿದರೆ ಸಿಹಿನೀರಿನಲ್ಲಿ ಚಕ್ರಗಳನ್ನು ಚೆನ್ನಾಗಿ ತೊಳೆದು, ಬ್ರೇಕನ್ನು ಹಗುರವಾಗಿ ಒತ್ತುತ್ತ ಸ್ವಲ್ಪ ದೂರ ಓಡಿಸಿ. ಆ ಬಿಸಿಗೆ ಒಳಗೆ ಒಣಗುತ್ತದೆ. ಬಹಳ ದಿನ ನಿಲ್ಲಿಸುವುದಾದರೆ ಸಮತಟ್ಟಾದ ಜಾಗ ನೋಡಿ, ಗೇರ್‌ನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಬೇಡ. ಹಿಡಿದುಕೊಂಡೇಬಿಟ್ಟರೆ ಎಂಜಿನ್ನಿನಿಂದ ಜಗ್ಗಬೇಡಿ. ಚಕ್ರ ಬಿಚ್ಚಿ ಡ್ರಮ್ಮಿನ ಮುಖವನ್ನು ಸುತ್ತಲೂ ತಟ್ಟಿ. ಢಬ್ ಎಂದು ಬಿಟ್ಟುಕೊಂಡರೂ ತೆರೆದು ನೋಡದೆ ಹೊರಡಬೇಡಿ.

ಕೇಬಲ್ ಮಾತ್ರ ಎಲ್ಲೂ ಸಿಗಲಿಲ್ಲ. ಹಳೆಯದನ್ನು ಶೂಗಳಿಂದ ಕಳಚಿ, ಎಲ್ಲಿಗೂ ತಾಗದಂತೆ ಕಟ್ಟಿ, "ಕಾಲಿನ ಬ್ರೇಕ್ ಚೆನ್ನಾಗಿದೆ, ಊರಿಗೆ ಹೋದ ಕೂಡಲೇ ಹೊಸದು ಹಾಕಿಸಿ" ಎಂದು ಕಳುಹಿಸಿದರು. ಘಟ್ಟದ ದಾರಿಯಲ್ಲಿ ಹ್ಯಾಂಡ್ ಬ್ರೇಕ್ ಇಲ್ಲದ ಗಾಡಿ. ನಿಂತಲ್ಲೆಲ್ಲ ನಾನು ಪೆಡಲ್ ಒತ್ತಿ ಹಿಡಿದಿರುತ್ತಿದ್ದೆ, ಗೆಳೆಯ ಇಳಿದು ಕಲ್ಲು ಕೊಡುತ್ತಿದ್ದ. ಜಗ್ಗಿದ್ದರಿಂದಲೇ ಗಾಡಿ ಹೊರಟಿತು ಎಂಬ ವಾದವನ್ನು ಅವನು ಇನ್ನೂ ಬಿಟ್ಟಿರಲಿಲ್ಲ. ಕಲ್ಲು ಹೊತ್ತುಕೊಂಡೇ ಅದನ್ನು ಮುಂದುವರಿಸಿದ.